ಜೈಲಿನ ಒಳಗಿನ ಕೆಲಸ: ನಮ್ಮ ಹೆಣ್ಣುಮಕ್ಕಳು ಹೋಗಬಹುದೇ?



ಮಟಮಾರಿಯಲ್ಲಿ ಒಂದು ಸಭೆ. ಉಳಿತಾಯದ ಲೆಕ್ಕ ಮುಗಿದಿತ್ತು, ಠರಾವು ಪುಸ್ತಕಕ್ಕೆ ಎಲ್ಲರೂ ಸಹಿ ಮಾಡುತ್ತಿದ್ದರು. ಆಗ ಒಬ್ಬ ತಾಯಿ ಮೆಲ್ಲಗೆ ಮಾತು ತೆಗೆದರು. "ನನ್ನ ಮಗಳು ಪಿಯುಸಿ ಮುಗಿಸ್ಯಾಳ್ರಿ. ಜೈಲಿನ್ಯಾಗ ವಾರ್ಡರ್ ಕೆಲಸಕ್ಕ ಅರ್ಜಿ ಹಾಕ್ತೀನಿ ಅಂತಾಳ. ನೋಡಾಕ ಬಂದವರು ಇದು ಕೇಳಿ, ಜೈಲಿನ ಕೆಲಸ ಮಾಡೋ ಹುಡುಗಿ ನಮಗ ಬ್ಯಾಡ ಅಂತ ಎದ್ದು ಹೋದ್ರು. ಏನ್ ಮಾಡ್ಲಿ ಹೇಳ್ರಿ." ಕೆಲವರು ನಕ್ಕರು, ಕೆಲವರು ಸುಮ್ಮನೆ ಕುಳಿತರು. ಸುಮ್ಮನೆ ಕುಳಿತವರಲ್ಲಿ ಒಬ್ಬರ ತಮ್ಮ ಆರು ತಿಂಗಳು ಜೈಲಿನಲ್ಲಿ ಇದ್ದು ಬಂದವನೆಂದು ನಮಗೆ ಆಮೇಲೆ ತಿಳಿಯಿತು.

ಆ ದಿನ ನಾವು ಆ ತಾಯಿಗೆ ಸರಿಯಾದ ಉತ್ತರ ಕೊಡಲಿಲ್ಲ. ಯಾಕಂದ್ರೆ ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿ, ಆ ಕೆಲಸ ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪೊಲೀಸರು ಬೇರೆ, ಜೈಲಿನವರು ಬೇರೆ

ಖಾಕಿ ಬಟ್ಟೆ ಕಂಡರೆ ಎಲ್ಲರೂ ಪೊಲೀಸರೇ ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಹಿಡಿಯುವವರು, ಕೇಸು ಹಾಕುವವರು ಪೊಲೀಸರು. ತೀರ್ಪು ಕೊಡುವುದು ಕೋರ್ಟು. ಕೋರ್ಟು ಕಳಿಸಿದವರನ್ನು ಇಟ್ಟುಕೊಂಡು, ಊಟ ಹಾಕಿ, ಕಾಯಿಲೆಗೆ ಔಷಧಿ ಕೊಡಿಸಿ, ತಾರೀಖಿಗೆ ಕೋರ್ಟಿಗೆ ಕಳಿಸಿ, ಬಿಡುಗಡೆ ಆದೇಶ ಬಂದಾಗ ಬಿಡುವುದು ಜೈಲಿನವರ ಕೆಲಸ. ಇದಕ್ಕೆ ಕಾರಾಗೃಹ ಮತ್ತು ಸುಧಾರಣಾ ಸೇವೆ ಎಂದು ಪ್ರತ್ಯೇಕ ಇಲಾಖೆ ಇದೆ. ಬ್ರಿಟಿಷರು 1894ರಲ್ಲಿ ಜೈಲಿನ ಕಾಯ್ದೆ ಮಾಡಿದ್ದರು. ನಮ್ಮ ರಾಜ್ಯ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕೆಳಗಿನಿಂದ ನೋಡಿದರೆ ವಾರ್ಡರ್ (ಕಾಗದದಲ್ಲಿ ಇವರನ್ನು ವೀಕ್ಷಕರು ಅಂತ ಬರೆಯುತ್ತಾರೆ), ಮುಖ್ಯ ವೀಕ್ಷಕರು, ಜೈಲರ್, ಮೇಲೆ ಅಧೀಕ್ಷಕರು.

ರಾಯಚೂರಿನಲ್ಲಿ ಜಿಲ್ಲಾ ಕಾರಾಗೃಹ ಇದೆ. ದೇವದುರ್ಗ, ಮಾನ್ವಿ ಕಡೆಯ ಕೋರ್ಟುಗಳಿಂದಲೂ ಜನರನ್ನು ಇಲ್ಲಿಗೆ ತರುತ್ತಾರೆ. ದೊಡ್ಡ ಶಿಕ್ಷೆಯಾದವರನ್ನು ಕಲಬುರಗಿ, ಬಳ್ಳಾರಿಯಂಥ ಕೇಂದ್ರ ಕಾರಾಗೃಹಗಳಿಗೆ ಕಳಿಸುತ್ತಾರೆ. ಜೈಲಿನಲ್ಲಿ ಇರುವವರೆಲ್ಲ ತಪ್ಪು ಮಾಡಿದವರು ಎಂಬ ಮಾತೂ ಸರಿಯಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಇರಬೇಕಾದ ಜಾಗ 4,36,266 ಮಂದಿಗೆ ಮಾತ್ರ. ಇದ್ದವರ ಪೈಕಿ 4,34,302 ಮಂದಿಗೆ ಇನ್ನೂ ತೀರ್ಪೇ ಆಗಿರಲಿಲ್ಲ, ವಿಚಾರಣೆ ನಡೆಯುತ್ತಿತ್ತು. ಅಂದರೆ ನಾಲ್ವರಲ್ಲಿ ಮೂವರು. ಆದ್ದರಿಂದ ವಾರ್ಡರ್ ಕೆಲಸಕ್ಕೆ ಸೇರುವವಳು ಮೊದಲು ತಿಳಿಯಬೇಕಾದ್ದು ಏನಪ್ಪಾ ಅಂದ್ರೆ, ಶಿಕ್ಷೆ ಕೊಡುವುದು ತನ್ನ ಕೆಲಸವಲ್ಲ. ಬೀಗದ ಒಳಗೆ ಇರುವುದೇ ಶಿಕ್ಷೆ. ಅದರ ಮೇಲೆ ಒಂದು ಏಟು, ಒಂದು ಬೈಗುಳ ಸೇರಿಸುವ ಹಕ್ಕು ಆಕೆಗೆ ಇಲ್ಲ.

ಎಣಿಕೆ ತಾಳೆ ಆಗಬೇಕು

ಜೈಲಿನ ದಿನ ಎಣಿಕೆಯಿಂದ ಶುರು, ಎಣಿಕೆಯಿಂದಲೇ ಮುಗಿಯುವುದು. ಬೆಳಿಗ್ಗೆ ಬ್ಯಾರಕ್ಕಿನ ಬೀಗ ತೆಗೆಯುವಾಗ ಎಣಿಸಬೇಕು. ಸಂಜೆ ಬೀಗ ಹಾಕುವಾಗ ಎಣಿಸಬೇಕು. ಡ್ಯೂಟಿ ಬದಲಾಗುವಾಗ ಹೋಗುವವಳು ಬರುವವಳಿಗೆ ಇಷ್ಟು ಮಂದಿ ಅಂತ ಲೆಕ್ಕ ಒಪ್ಪಿಸಬೇಕು. ಕೋರ್ಟಿಗೆ ಹೋದವರೆಷ್ಟು, ಆಸ್ಪತ್ರೆಗೆ ಹೋದವರೆಷ್ಟು, ಹೊಸದಾಗಿ ಬಂದವರೆಷ್ಟು, ಎಲ್ಲ ಕೂಡಿ ಕಳೆದು ರಿಜಿಸ್ಟರಿನ ಅಂಕಿಗೆ ತಾಳೆ ಆಗಬೇಕು. ಒಂದು ಕಡಿಮೆ ಬಂದರೂ ಯಾರೂ ಮನೆಗೆ ಹೋಗುವಂತಿಲ್ಲ. ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ತಪ್ಪಿದಾಗ ಲೆಕ್ಕ ಬರೆಯುವವಳು ಹೇಗೆ ಬೆವರುತ್ತಾಳೆ ಅಂತ ನಿಮಗೆ ಗೊತ್ತಲ್ಲ! ಅಲ್ಲಿ ತಪ್ಪುವುದು ರೂಪಾಯಿ ಅಲ್ಲ, ಮನುಷ್ಯರು.

ಮುಖ್ಯ ದ್ವಾರಕ್ಕೆ ಎರಡು ಬಾಗಿಲು. ಒಂದನ್ನು ಮುಚ್ಚಿ ಬೀಗ ಹಾಕಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಒಳಗೆ ವಾರ್ಡುಗಳಲ್ಲಿ ಓಡಾಡುವವರ ಕೈಯಲ್ಲಿ ಬಂದೂಕು ಇರುವುದಿಲ್ಲ. ಲಾಠಿ, ಸೀಟಿ ಅಷ್ಟೇ. ಇದನ್ನು ಕೇಳಿದಾಗ ನಮಗೆ ಆಶ್ಚರ್ಯವಾಯಿತು. ಯೋಚಿಸಿ ನೋಡಿದರೆ ಸರಿ ಅನ್ನಿಸುತ್ತದೆ: ಒಬ್ಬಳು ನಿಂತಿರುವುದು ಹತ್ತಾರು ಮಂದಿಯ ನಡುವೆ, ಬಂದೂಕು ಯಾರ ಕೈಗೆ ಬೇಕಾದರೂ ಹೋದೀತು. ಹಾಗಾಗಿ ಆಕೆಗೆ ಆಸರೆ ಆಗುವುದು ಮಾತು, ಕಣ್ಣು ಮತ್ತು ಜೊತೆಯವಳು.

ಮಹಿಳೆಯರ ವಿಭಾಗ ಬೇರೆ ಇರಬೇಕೆಂದು 1894ರಿಂದಲೂ ಕಾನೂನು ಇದೆ. ಅಲ್ಲಿಗೆ ಗಂಡಸು ಅಧಿಕಾರಿ ಬರಬೇಕಾದರೂ ಹೆಣ್ಣು ಸಿಬ್ಬಂದಿ ಜೊತೆಗಿರಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಆದ್ದರಿಂದ ಹೆಂಗಸರನ್ನು ಇಡುವ ಜೈಲು ಎಷ್ಟೇ ಚಿಕ್ಕದಾದರೂ ಹೆಣ್ಣು ವಾರ್ಡರ್ ಇಲ್ಲದೆ ನಡೆಯುವುದಿಲ್ಲ. ಅಲ್ಲಿ ಹೆಂಗಸು ಕೈದಿಗಳು ಕಡಿಮೆ, ವಾರ್ಡರುಗಳೂ ಕಡಿಮೆ. ಒಬ್ಬಳು ರಜೆ ಹಾಕಿದರೆ ಅವಳ ಪಾಳಿ ಇನ್ನೊಬ್ಬಳ ತಲೆಯ ಮೇಲೆ. ಆರು ಮಂದಿ ಕೈದಿಗಳಿಗೆ ಒಬ್ಬ ಸಿಬ್ಬಂದಿ ಇರಬೇಕೆಂದು ಕೇಂದ್ರ ಸರ್ಕಾರದ 2016ರ ಮಾದರಿ ಕೈಪಿಡಿ ಹೇಳುತ್ತದೆ. ಕೈಪಿಡಿ ಏನೋ ಹೇಳುತ್ತದೆ, ಹುದ್ದೆ ತುಂಬಬೇಕಲ್ಲ!

ಹೊಸದಾಗಿ ಬಂದ ಹೆಣ್ಣುಮಗಳ ಮೊದಲ ರಾತ್ರಿಯೇ ಎಲ್ಲಕ್ಕಿಂತ ಕಷ್ಟದ ರಾತ್ರಿ ಎಂದು ಬಲ್ಲವರು ಹೇಳುತ್ತಾರೆ. ಮನೆಯಲ್ಲಿ ಮಕ್ಕಳು ಏನಾದವೋ, ಗಂಡ ಬರುತ್ತಾನೋ ಇಲ್ಲವೋ, ಊರಿಗೆ ಮುಖ ತೋರಿಸುವುದು ಹೇಗೆ ಎಂದು ಅವಳು ಅಳುತ್ತಲೇ ಇರುತ್ತಾಳೆ. ಅಳುತ್ತಿದ್ದವಳು ಸುಮ್ಮನಾದಾಗ ವಾರ್ಡರ್ ಎದ್ದು ಹೋಗಿ ನೋಡಬೇಕು. ಏನಾದರೂ ಮಾಡಿಕೊಂಡರೆ? ಜೈಲಿನಲ್ಲಿ ಒಬ್ಬರು ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ಆಗುತ್ತದೆ, ಆ ಹೊತ್ತಿಗೆ ಡ್ಯೂಟಿಯಲ್ಲಿ ಇದ್ದವರು ಉತ್ತರ ಕೊಡಬೇಕು. ವಿಚಾರಣೆ ಮುಗಿದರೂ ಆ ಮುಖ ಕಣ್ಣು ಬಿಟ್ಟು ಹೋಗುವುದಿಲ್ಲ.

ತೊಟ್ಟಿಲೂ ಇದೆ

ಜೈಲಿನಲ್ಲಿ ಮಕ್ಕಳೂ ಇರುತ್ತಾರೆ ಅಂದ್ರೆ ನಂಬುತ್ತೀರಾ? ತಾಯಿಯ ಜೊತೆ ಆರು ವರ್ಷದವರೆಗೆ ಮಗು ಇರಬಹುದು. 2022ರ ಕೊನೆಗೆ ದೇಶದಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳು ಜೈಲುಗಳಲ್ಲಿ ಇದ್ದರು. ಈ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟು 2006ರ ಏಪ್ರಿಲ್‌ನಲ್ಲಿ, ಆರ್.ಡಿ. ಉಪಾಧ್ಯಾಯ ಎಂಬುವರ ಕೇಸಿನಲ್ಲಿ, ವಿವರವಾದ ಆದೇಶ ಕೊಟ್ಟಿದೆ. ಮಗು ಕೈದಿಯಲ್ಲ, ಅದನ್ನು ಹಾಗೆ ನಡೆಸಿಕೊಳ್ಳಬಾರದು. ಅದಕ್ಕೆ ಹಾಲು, ಊಟ, ಲಸಿಕೆ, ಆಟ, ಪಾಠ ಸಿಗಬೇಕು. ಜೈಲಿನಲ್ಲಿದ್ದಾಗ ಹೆರಿಗೆಯಾದರೆ ಹುಟ್ಟಿದ ಜಾಗ ಜೈಲು ಅಂತ ಜನನ ಪತ್ರದಲ್ಲಿ ಬರೆಯಬಾರದು. ಆ ಬಡಾವಣೆಯ ಹೆಸರು ಮಾತ್ರ ಬರೆಯಬೇಕು. ನಾಮಕರಣಕ್ಕೂ ಅನುಕೂಲ ಮಾಡಿಕೊಡಬೇಕು ಅಂತ ಅದರಲ್ಲಿಯೇ ಇದೆ. ಇಷ್ಟನ್ನೂ ಆಗುವಂತೆ ಮಾಡುವವರು ಯಾರು? ಅಲ್ಲಿರುವ ಹೆಣ್ಣು ಸಿಬ್ಬಂದಿ. ತಮ್ಮ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದವಳು ಇನ್ನೊಬ್ಬಳ ಮಗುವಿಗೆ ಪೋಲಿಯೋ ಹನಿ ಹಾಕಿಸುತ್ತಾಳೆ.

ಕೆಲಸ ಹಂಚುವ ವಿಷಯದಲ್ಲೂ ಒಂದು ಮಾತು ಹೇಳಬೇಕು. ಕಸ ಗುಡಿಸುವುದು, ಸಂಡಾಸು ತೊಳೆಯುವುದು ಒಂದು ಜಾತಿಗೆ, ಅಡುಗೆ ಇನ್ನೊಂದು ಜಾತಿಗೆ ಎಂಬ ಪದ್ಧತಿ ಎಷ್ಟೋ ರಾಜ್ಯಗಳ ಜೈಲಿನ ನಿಯಮಗಳಲ್ಲೇ ಇತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿ ಅಂಥ ನಿಯಮಗಳನ್ನು ತೆಗೆಸಿತು. ಈಗ ವಾರ್ಡರ್ ಜಾತಿ ಕೇಳಿ ಪೊರಕೆ ಕೊಡುವಂತಿಲ್ಲ.

ಆಸೆ ಮತ್ತು ಬೆದರಿಕೆ

ಆ ತಾಯಿಗೆ ಮುಚ್ಚಿಡದೆ ಹೇಳಬೇಕಾದ ವಿಷಯ ಇದು. ಒಂದು ಮೊಬೈಲು ಒಳಗೆ ಬಿಟ್ಟರೆ, ಒಂದು ಪೊಟ್ಟಣ ಕಂಡರೂ ಕಾಣದಂತೆ ಇದ್ದರೆ ತಿಂಗಳ ಸಂಬಳದಷ್ಟು ದುಡ್ಡು ಕೊಡುವವರು ಇರುತ್ತಾರೆ. ಬೇಡ ಅಂದರೆ "ನಿನ್ನ ಮನೆ ಎಲ್ಲಿ ಅಂತ ಗೊತ್ತು" ಎನ್ನುವವರೂ ಇರುತ್ತಾರೆ. 2017ರ ಜುಲೈನಲ್ಲಿ ಆಗ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಹಣವಂತರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ವರದಿ ಕೊಟ್ಟರು. ಮೇಲಧಿಕಾರಿ ಅದನ್ನು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ರೂಪಾ ಅವರಿಗೆ ವರ್ಗಾವಣೆ ಆಯಿತು. 2024ರ ಆಗಸ್ಟ್‌ನಲ್ಲಿ ಅದೇ ಜೈಲಿನ ಒಳಗೆ ಒಬ್ಬ ಸಿನಿಮಾ ನಟ ಕುರ್ಚಿ ಹಾಕಿಕೊಂಡು ಕುಳಿತ ಫೋಟೋ ನೀವೂ ನೋಡಿರಬಹುದು. ಆಗ ಜೈಲಿನ ಹಲವು ಸಿಬ್ಬಂದಿ ಅಮಾನತಾದರು, ನಟನನ್ನು ಬಳ್ಳಾರಿಗೆ ಕಳಿಸಿದರು. ನಮ್ಮ ಅಭಿಪ್ರಾಯದಲ್ಲಿ ಇಂಥ ಕಡೆ ಚಿಕ್ಕ ಸಂಬಳದ ವಾರ್ಡರ್ ನಿಲ್ಲಬೇಕಾದರೆ ಆಕೆಗೆ ಮನೆಯವರ ಬೆಂಬಲ ಇರಬೇಕು. ಮನೆಯವರೇ "ಬೇರೆಯವರು ಬೈಕ್ ತಗೊಂಡ್ರು, ನೀನು ಯಾವಾಗ?" ಅಂತ ಕೇಳಿದರೆ ಆಕೆ ಎಷ್ಟು ದಿನ ನಿಂತಾಳು?

ಹಬ್ಬಕ್ಕೆ ರಜೆ ಇರುವುದಿಲ್ಲ. ಯುಗಾದಿ ಬರಲಿ, ಮೊಹರಂ ಬರಲಿ, ಕ್ರಿಸ್‌ಮಸ್ ಬರಲಿ, ಬೀಗ ಹಾಕುವವರು ಇರಲೇಬೇಕು. 2020ರಲ್ಲಿ ಕೊರೊನಾ ಬಂದಾಗ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಾಜ್ಯಗಳು ಎಷ್ಟೋ ಕೈದಿಗಳನ್ನು ಜಾಮೀನು, ಪೆರೋಲ್ ಮೇಲೆ ಕಳಿಸಿದವು, ಭೇಟಿ ನಿಂತುಹೋಯಿತು. ಸಿಬ್ಬಂದಿಯನ್ನು ಮಾತ್ರ ಕಳಿಸಲು ಆಗಲಿಲ್ಲ.

ಜೊತೆಯವಳ ಮೇಲೆ ನಂಬಿಕೆ

ಇಷ್ಟೆಲ್ಲ ಇದ್ದರೂ ಈ ಕೆಲಸ ಬಿಟ್ಟವರು ನೆನೆಸುವುದು ಏನನ್ನು ಎಂದು ಕೇಳಿದರೆ, ಜೊತೆಗಾತಿಯರನ್ನು. ಸಂಘದಲ್ಲಿ ಒಬ್ಬಳ ಸಾಲಕ್ಕೆ ಎಲ್ಲರೂ ಹೊಣೆ ಅಲ್ಲವೇ? ಅಲ್ಲಿ ಒಬ್ಬಳ ಜೀವಕ್ಕೆ ಇನ್ನೊಬ್ಬಳು ಹೊಣೆ. ಜಗಳ ಎದ್ದು ಸೀಟಿ ಊದಿದರೆ ಊಟದ ತಾಟು ಬಿಟ್ಟು ಓಡಿ ಬರಬೇಕು, ನಿನ್ನೆ ಇಬ್ಬರೂ ಮಾತು ಬಿಟ್ಟಿದ್ದರೂ ಬರಬೇಕು. ಮಗುವಿಗೆ ಜ್ವರ ಎಂದರೆ "ನೀ ಹೋಗು, ಈ ಪಾಳಿ ನಂದು" ಅನ್ನುತ್ತಾರೆ. ರಾತ್ರಿ ಪಾಳಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿನ್ನುತ್ತಾರೆ. ಕ್ವಾರ್ಟರ್ಸು ಜೈಲಿನ ಪಕ್ಕದಲ್ಲೇ ಇದ್ದರೆ ಮಕ್ಕಳು ಒಟ್ಟಿಗೆ ಬೆಳೆಯುತ್ತವೆ. ಒಳಗೆ ಕಂಡದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ಹೇಳಿದರೂ ಅರ್ಥವಾಗುವುದಿಲ್ಲ. ಅದನ್ನು ಹೇಳಿಕೊಂಡು ಹಗುರಾಗುವುದು ಜೊತೆಯವಳ ಮುಂದೆ ಮಾತ್ರ.

ಕೈದಿಗಳ ಜೊತೆಗೂ ಒಂದು ಬಳಕೆ ಬೆಳೆಯುತ್ತದೆ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಂದ ನಾಟಕ ಆಡಿಸಿ ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಜನ ಚಪ್ಪಾಳೆ ಹೊಡೆಯುವಾಗ ಕಾವಲಿಗೆ ನಿಂತವರ ಎದೆ ಹೇಗೆ ಹೊಡೆದುಕೊಂಡಿರಬೇಕು! ಒಬ್ಬ ಓಡಿಹೋದರೂ ಕೆಲಸ ಹೋಗುತ್ತದೆ. ನಮ್ಮಲ್ಲಿ ಮನೆಯಿಂದ ಹೊರಟವರಿಗೆ "ಹೋಗು" ಅನ್ನುವುದಿಲ್ಲ, "ಹೋಗಿ ಬಾ" ಅನ್ನುತ್ತೇವೆ. ಜೈಲಿನ ಬಾಗಿಲಲ್ಲಿ ಮಾತ್ರ ಆ ಮಾತು ಆಡಬಾರದು. "ಹೋಗವ್ವ, ಮತ್ತ ಬರಬ್ಯಾಡ" ಎನ್ನುವುದೇ ಅಲ್ಲಿಯ ಆಶೀರ್ವಾದ.

ವಿಶ್ವಸಂಸ್ಥೆ 2015ರಲ್ಲಿ ಕೈದಿಗಳನ್ನು ನಡೆಸಿಕೊಳ್ಳುವ ನಿಯಮಗಳನ್ನು ಹೊಸದಾಗಿ ಮಾಡಿ, 27 ವರ್ಷ ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರು ಇಟ್ಟಿತು. ಜೈಲಿನ ಕೆಲಸ ದೊಡ್ಡ ಸಮಾಜ ಸೇವೆ ಎಂಬ ಭಾವನೆ ಸಿಬ್ಬಂದಿಯಲ್ಲೂ ಜನರಲ್ಲೂ ಬರುವಂತೆ ಕಾರಾಗೃಹ ಆಡಳಿತ ಮಾಡಬೇಕೆಂದು ಅದರಲ್ಲಿದೆ. ನೋಡಲು ಬಂದು ಎದ್ದು ಹೋದವರಿಗೆ ಇದನ್ನು ಯಾರು ಹೇಳಬೇಕೋ!

ನಿಮ್ಮವರು ಒಳಗಿದ್ದರೆ

ಸಭೆಯಲ್ಲಿ ಸುಮ್ಮನೆ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಭೇಟಿಗೆ ಹೋಗುವಾಗ ಗುರುತಿನ ಚೀಟಿ ಒಯ್ಯಿರಿ. ಭೇಟಿಯ ದಿನ, ಹೊತ್ತು ಮೊದಲೇ ಕೇಳಿಕೊಳ್ಳಿರಿ, ಇಲ್ಲದಿದ್ದರೆ ಒಂದು ದಿನದ ಕೂಲಿಯೂ ಹೋಗುತ್ತದೆ, ಬಸ್ಸಿನ ಚಾರ್ಜೂ ಹೋಗುತ್ತದೆ. ತಪಾಸಣೆ ಮಾಡುವವಳ ಮೇಲೆ ಸಿಟ್ಟಾಗಬೇಡಿರಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ. ಜೈಲಿನಲ್ಲಿ ಇರುವವರಿಗೂ, ಯಾವುದೇ ಹೆಂಗಸಿಗೂ ಆದಾಯ ನೋಡದೆ ಈ ನೆರವು ಇದೆ. ಫೋನ್ 15100. ಜಾಮೀನು ಸಿಕ್ಕರೂ ಹಣ ಕಟ್ಟಲಾಗದೆ ಒಳಗೇ ಉಳಿದ ಬಡವರಿಗೆ 2023ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿದೆ. ಯೋಜನೆ ಬಂದಾಗ ವಿಚಾರಣೆಯಲ್ಲಿ ಇರುವವರಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾಗಿ ದಂಡ ಕಟ್ಟಲಾಗದವರಿಗೆ 25,000 ರೂಪಾಯಿವರೆಗೆ ಎಂದು ಇತ್ತು. ಎಲ್ಲ ಕೇಸಿಗೂ ಸಿಗುವುದಿಲ್ಲ. ಜೈಲಿನ ಅಧಿಕಾರಿಯನ್ನು ಕೇಳಿರಿ, ಹೆಸರು ಕಳಿಸುವವರು ಅವರೇ.

ಇನ್ನು ಅರ್ಜಿಯ ವಿಷಯ. ವಾರ್ಡರ್ ಹುದ್ದೆಗೆ ಎಷ್ಟು ಓದಿರಬೇಕೆಂದು ಅರ್ಜಿ ಕರೆದಾಗ ನೋಡಿಕೊಳ್ಳಿರಿ. ಲಿಖಿತ ಪರೀಕ್ಷೆ ಇರುತ್ತದೆ, ಎತ್ತರ ಅಳೆಯುತ್ತಾರೆ, ಓಡಿಸುತ್ತಾರೆ. ಸಂವಿಧಾನದ 371ಜೆ ಪ್ರಕಾರ ನಮ್ಮ ಭಾಗದವರಿಗೆ ಮೀಸಲಾತಿ ಇದೆ, ಆ ಪ್ರಮಾಣ ಪತ್ರವನ್ನು ಈಗಲೇ ಮಾಡಿಸಿ ಇಡಿರಿ. ಕೊನೇ ದಿನ ಆಫೀಸಿಗೆ ಓಡಿದರೆ ಸಿಗುವುದಿಲ್ಲ. ಆಯ್ಕೆಯಾದರೆ ತರಬೇತಿಗೆ ಮನೆ ಬಿಟ್ಟು ಇರಬೇಕಾಗುತ್ತದೆ.

ಇದನ್ನೆಲ್ಲ ಮುಂದಿನ ಸಭೆಯಲ್ಲಿ ಓದಿ ಹೇಳಿದೆವು. ಆ ತಾಯಿ ಪೂರ್ತಿ ಕೇಳಿ, "ರಾತ್ರಿ ಪಾಳಿಗೆ ಜೊತೆಗೊಬ್ಬಳು ಇರ್ತಾಳಲ್ಲ?" ಅಂತ ಅದೊಂದನ್ನೇ ಕೇಳಿದರು. ಈಗ ಮಗಳು ಬೆಳಗಿನ ಜಾವ ಓಡುತ್ತಾಳೆ. ನಾಯಿ ಕಾಟಕ್ಕೆ ತಾಯಿ ಕೋಲು ಹಿಡಿದು ಹಿಂದೆ ಹೋಗುತ್ತಾರೆ. ಬೂಟಿಗೂ ಅರ್ಜಿ ಖರ್ಚಿಗೂ ಸಂಘದಿಂದ 2,000 ರೂಪಾಯಿ ಸಾಲ ಕೊಟ್ಟಿದ್ದಾರೆ. ಸಾಲದ ಉದ್ದೇಶ ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಚರ್ಚೆಯಾಗಿ, ಕೊನೆಗೆ "ಮಗಳ ನೌಕರಿ" ಅಂತ ಬರೆದರು. ಜೈಲಿನಲ್ಲಿದ್ದು ಬಂದವನ ಅಕ್ಕ ಸಾಕ್ಷಿ ಸಹಿ ಮಾಡಿದರು.