ನೇತ್ರದ ಒತ್ತಡವೂ ಮಕಂದಿಬೇರೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅಧಿಮಂಥವೆಂಬ ನೇತ್ರರೋಗವು ಹೇಳಲ್ಪಟ್ಟಿದೆ. ಕಡೆಗೋಲಿನಿಂದ ಕಡೆದಂತೆ ಕಣ್ಣು ನೋಯುವುದು ಅದರ ಲಕ್ಷಣವು. ಈಗಿನ ವೈದ್ಯರು ಗ್ಲೂಕೋಮಾ ಎಂದು ಕರೆಯುವ ರೋಗದ ಉಗ್ರರೂಪವು ಇದೇ ಎಂದು ಹಲವರು ವಿದ್ವಾಂಸರ ಮತ. ಆದರೆ ಇದೇ ರೋಗವು ಬಹುಮಂದಿಯಲ್ಲಿ ನೋವಿಲ್ಲದೆ, ಕೆಂಪಿಲ್ಲದೆ, ಕಳ್ಳನಂತೆ ಬರುವುದು. ಅದೇ ಹೆಚ್ಚಿನ ಭಯ.

ಕಣ್ಣಿನೊಳಗೆ ತಿಳಿನೀರಿನಂತಹ ರಸವೊಂದು ಸದಾ ಹುಟ್ಟಿ, ಸೂಕ್ಷ್ಮವಾದ ಜಾಲರಿಯ ಮೂಲಕ ಹೊರಗೆ ಹರಿಯುತ್ತಿರುವುದು. ತೂಬು ಕಟ್ಟಿದ ಕೆರೆಯಂತೆ, ಜಾಲರಿಯು ಅಡಚಿದರೆ ಒಳಗಣ ಒತ್ತಡವು ಏರುವುದು. ಪಾದರಸದ 10ರಿಂದ 21 ಮಿಲಿಮೀಟರಿನವರೆಗೆ ಇದು ಸಹಜ. ಆದರೂ ಸಹಜವಾದ ಒತ್ತಡದಲ್ಲಿಯೇ ಕೆಲವರಿಗೆ ಈ ರೋಗವು ತಗಲುವುದುಂಟು. ನೇತ್ರನರವು ಸವೆದು ದೃಷ್ಟಿಯು ಅಂಚಿನಿಂದ ಕುಗ್ಗುತ್ತ ಬರುವುದು. ಹೋದ ದೃಷ್ಟಿಯು ಮರಳಿ ಬಾರದು.

ಈ ರೋಗಕ್ಕೆ ವಂಶದ ಸಂಬಂಧವೂ ಉಂಟು. ಮಯೋಸಿಲಿನ್ ಎಂಬ ವಂಶವಾಹಿಯ ದೋಷದಿಂದ ಇದು ಬರಬಹುದೆಂದು 1997ರಲ್ಲಿ ಗೊತ್ತಾಯಿತು. ವಂಶವಾಹಿಗಳನ್ನು ಒಂದು ಗ್ರಂಥದ ಅಧ್ಯಾಯಗಳೆಂದು ಭಾವಿಸೋಣ. ಎಲ್ಲ ಅಧ್ಯಾಯಗಳನ್ನೂ ಎಲ್ಲ ಕಾಲದಲ್ಲಿಯೂ ಓದುವುದಿಲ್ಲ. ಯಾವುದನ್ನು ಎಷ್ಟು ಓದಬೇಕೆಂಬ ಕಟ್ಟುಪಾಡು ಜೀವಕೋಶದಲ್ಲಿಯೇ ಇರುವುದು. ಸ್ಟೀರಾಯ್ಡ್ ಹನಿಗಳನ್ನು ಬಹುಕಾಲ ಹಾಕಿಕೊಂಡರೆ ಜಾಲರಿಯ ಕೋಶಗಳಲ್ಲಿ ಈ ಓದು ಮಾರ್ಪಟ್ಟು, ಕೆಲವರಿಗೆ ಒತ್ತಡವೇರುವುದು.

ಸಸ್ಯಗಳಿಂದ ಇದಕ್ಕೆ ಔಷಧವು ದೊರೆತಿರುವುದು ನಿಜ. ಬ್ರೆಜಿಲ್ ದೇಶದ ಜಬೊರಾಂಡಿ ಎಲೆಯಿಂದ 1875ರಲ್ಲಿ ಬೇರ್ಪಡಿಸಿದ ಪೈಲೊಕಾರ್ಪೀನು ಒಂದೆರಡು ವರ್ಷಗಳಲ್ಲಿಯೇ ಗ್ಲೂಕೋಮಾಕ್ಕೆ ಪ್ರಯೋಗವಾಯಿತು. ನಮ್ಮ ನಾಡಿನಲ್ಲಿಯೂ ಬೆಳೆಯುವ ಮಕಂದಿಬೇರು ದೊಡ್ಡಪತ್ರೆಯ ಹತ್ತಿರದ ಬಂಧು. ಉಪ್ಪಿನಕಾಯಿಯ ಮಾಕಳಿಬೇರು ಬೇರೆ. ಇದರಿಂದ 1970ರ ದಶಕದಲ್ಲಿ ಭಾರತದ ವಿಜ್ಞಾನಿಗಳು ಫೋರ್ಸ್ಕೋಲಿನ್ ಎಂಬ ವಸ್ತುವನ್ನು ತೆಗೆದರು. ಅದರ ಹನಿಯು ಕಣ್ಣಿನ ಒತ್ತಡವನ್ನು ತಗ್ಗಿಸುವುದೆಂದು 1983ರಲ್ಲಿ ಪ್ರಕಟವಾಯಿತು. ಅದು ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ದೂತನನ್ನು ಹೆಚ್ಚಿಸುವುದು. ಇದರಿಂದ ರಸದ ಉತ್ಪತ್ತಿಯು ಕುಗ್ಗುವುದೆಂದು ತಿಳಿದವರ ಅಭಿಪ್ರಾಯ. ಈ ದೂತನೇ ಕೋಶಕೇಂದ್ರದವರೆಗೆ ಸುದ್ದಿಯನ್ನೊಯ್ದು, ಕೆಲವು ವಂಶವಾಹಿಗಳ ಓದನ್ನೂ ಪ್ರಚೋದಿಸಬಲ್ಲನು. ಆದರೂ ಪ್ರಚಲಿತ ಚಿಕಿತ್ಸೆಯಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವು ಲಭಿಸಿಲ್ಲ.

ಇಷ್ಟನ್ನು ಹೇಳಲು ಕಾರಣವುಂಟು. ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು, “ಬೇರಿನಲ್ಲಿಯೇ ಔಷಧವಿರುವಾಗ ಶೀಸೆಯ ಹಂಗೇಕೆ?” ಎಂದು ವೈದ್ಯರ ಹನಿಯನ್ನು ನಿಲ್ಲಿಸಿ, ಬೇರಿನ ಕಷಾಯವನ್ನು ಕುಡಿಯತೊಡಗಿದರು. ನೋವಿಲ್ಲದ್ದರಿಂದ ಗುಣವಾಯಿತೆಂದೇ ಎಣಿಸಿದರು. ವರ್ಷವೊಂದು ಕಳೆಯಿತು. ಮಗ್ಗುಲಲ್ಲಿ ಕುಳಿತ ಮೊಮ್ಮಗಳು ಕಾಣದಾದಾಗ ಎಚ್ಚತ್ತರು. ಈಗ ಹನಿಯನ್ನು ತಪ್ಪದೆ ಹಾಕಿಕೊಳ್ಳುತ್ತಾರೆ. ಉಳಿದ ದೃಷ್ಟಿಯು ಉಳಿದಿದೆ, ಹೋದದ್ದು ಹೋಯಿತು.

ಸಸ್ಯದ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶುದ್ಧಿಮಾಡಿ, ಅಳೆದು, ಪರೀಕ್ಷಿಸಿದ ಹನಿಯು ಬೇರೆ. ಮನೆಯಲ್ಲಿ ಅರೆದ ಬೇರು ಬೇರೆ. ಹಸಿಯ ರಸವನ್ನು ಕಣ್ಣಿಗೆ ಹಿಂಡುವುದಂತೂ ಸರ್ವಥಾ ಕೂಡದು. ನಲವತ್ತು ವಯಸ್ಸು ದಾಟಿದವರೂ, ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಈ ರೋಗವಿರುವವರೂ ಕಾಲಕಾಲಕ್ಕೆ ಕಣ್ಣಿನ ಒತ್ತಡವನ್ನೂ ನೇತ್ರನರವನ್ನೂ ಪರೀಕ್ಷೆ ಮಾಡಿಸತಕ್ಕದ್ದು. ವೈದ್ಯರನ್ನು ಕೇಳದೆ ಹನಿಯನ್ನು ನಿಲ್ಲಿಸಬಾರದು. ಮನೆಯ ಹಿರಿಯರಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹನಿಯ ನೆನಪು ಮಾಡಿಕೊಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ, ಅದಕ್ಕಿಂತ ದೊಡ್ಡ ಸೇವೆ ಮತ್ತೊಂದಿಲ್ಲ.