ಯಾರು ಮೊದಲು, ಯಾರು ಕಾಯಬಲ್ಲರು

ಮೊದಲು ಬಂದವರಿಗೆ ಮೊದಲು ಎಂಬುದು ನಾವು ಬಹುಮಟ್ಟಿಗೆ ಒಪ್ಪಿಕೊಂಡಿರುವ ನ್ಯಾಯ. ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನ ಕಿಟಕಿಯೆದುರು, ಮಠದ ದಾಸೋಹದ ಪಂಕ್ತಿಯಲ್ಲಿ ಈ ನ್ಯಾಯ ನಡೆಯುತ್ತದೆ. ನಡೆಯದಿದ್ದಾಗ ನಮಗೆ ಕೋಪ ಬರುತ್ತದೆ. ಸಾಲಿನ ಹಿರಿಮೆಯೆಂದರೆ ಅದು ಮುಖ ನೋಡಿ ಮಣೆ ಹಾಕುವುದಿಲ್ಲ. ಸಾಹುಕಾರನೂ ಕೂಲಿಯವನೂ ಅಲ್ಲಿ ಒಂದೇ ನೆಲದ ಮೇಲೆ ನಿಂತಿರುತ್ತಾರೆ. ಆದರೆ ಈ ನ್ಯಾಯವು ಹೊಸ್ತಿಲಿನ ಹೊರಗೇ ಉಳಿಯಬೇಕಾದ ಒಂದು ಸ್ಥಳವುಂಟು. ಅದು ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆ. ಒಂದು ಗಂಟೆಯಿಂದ ಬೆಂಚಿನ ಮೇಲೆ ಕುಳಿತವನನ್ನು ಬಿಟ್ಟು, ಈಗತಾನೆ ಬಂದವನನ್ನು ಅಲ್ಲಿ ಒಳಗೆ ಕರೆದೊಯ್ಯುತ್ತಾರೆ. ಕುಳಿತವನು ಇದನ್ನು ವಶೀಲಿ ಎಂದುಕೊಳ್ಳುತ್ತಾನೆ. ಅನೇಕ ವೇಳೆ ಅದು ವಶೀಲಿಯಲ್ಲ. ಬೇರೊಂದು ಬಗೆಯ ನ್ಯಾಯ. ಆ ನ್ಯಾಯವನ್ನು ನಿಮಿಷ ನಿಮಿಷಕ್ಕೂ ನಡೆಸುವವಳು ದಾದಿ. ಅವಳು ಅದನ್ನು ಹೇಗೆ ನಡೆಸುತ್ತಾಳೆ ಎಂಬುದೇ ಈ ಹೊತ್ತಿನ ಮಾತು. ಈ ವೃತ್ತಿಯಲ್ಲಿ ಗಂಡಸರೂ ಇದ್ದಾರೆ. ಸರ್ಕಾರಿ ಕಾಗದಗಳಲ್ಲಿ ಅವರಿಗೆಲ್ಲ ಈಗ ಶುಶ್ರೂಷಾಧಿಕಾರಿಗಳೆಂಬ ಹೆಸರಿದೆ. ಮಾತಿನ ಸೌಕರ್ಯಕ್ಕಾಗಿ ನಾನು ‘ಅವಳು’ ಎನ್ನುತ್ತೇನೆ.

ಬೀದರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಂದು ಭೂಗೋಳವೂ ಇದೆ. ಜಿಲ್ಲೆಯ ದೊಡ್ಡ ಆಸ್ಪತ್ರೆಯಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆ ಇರುವುದು ಬೀದರ ನಗರದಲ್ಲಿ. ಭಾಲ್ಕಿಯೂ ಔರಾದವೂ ಅಲ್ಲಿಂದ ಸುಮಾರು 40 ಕಿಲೋಮೀಟರುಗಳಷ್ಟು ದೂರದ ತಾಲ್ಲೂಕು ಕೇಂದ್ರಗಳು. ಔರಾದದಿಂದ ಬರುವವರು ಮಾಂಜ್ರಾ ನದಿಯನ್ನು ದಾಟಿ ಬರಬೇಕು. 2008ರಲ್ಲಿ ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ ಆರಂಭವಾದ ಮೇಲೆ ಈ ದೂರವನ್ನು ಕ್ರಮಿಸುವುದು ಸುಲಭವಾಯಿತು, ನಿಜ. ಆದರೂ ದೂರವು ದೂರವೇ. ತಾಲ್ಲೂಕು ಆಸ್ಪತ್ರೆಯ ದಾದಿ ‘ಇವರು ಮೊದಲು’ ಎಂದು ನಿರ್ಧರಿಸುವಾಗ, ‘ಇವರು ಮುಂದಿನ 40 ಕಿಲೋಮೀಟರುಗಳನ್ನು ತಾಳಬಲ್ಲರೆ?’ ಎಂಬ ಪ್ರಶ್ನೆಯನ್ನೂ ಅದರೊಳಗೆ ಸೇರಿಸಿಕೊಂಡಿರುತ್ತಾಳೆ.

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲ, ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿಯ ಪಾಳಿ. ಕರ್ತವ್ಯದ ಮೇಲಿರುವ ವೈದ್ಯರು ಹೆರಿಗೆಯ ಕೋಣೆಯಲ್ಲಿದ್ದಾರೆ. ಹೊರಗೆ ನಾಲ್ವರು ರೋಗಿಗಳಿದ್ದಾರೆ. ಮೊದಲನೆಯವರು ಮೂರು ದಿನಗಳ ಜ್ವರದ ಒಬ್ಬ ಮುದುಕರು, ಸಂಜೆಯಿಂದಲೂ ಕುಳಿತಿದ್ದಾರೆ. ಎರಡನೆಯವನು ಬೈಕಿನಿಂದ ಬಿದ್ದು ಮುಂಗೈ ಹರಿದುಕೊಂಡ ತರುಣ; ಅಂಗಿಯೆಲ್ಲ ನೆತ್ತರು, ಕೂಗಾಟ ಜೋರು, ಜೊತೆಗೆ ಬಂದ ಆರು ಮಂದಿ ಗೆಳೆಯರ ಕೂಗಾಟ ಇನ್ನೂ ಜೋರು. ಮೂರನೆಯದು ವಾಂತಿಭೇದಿಯಾದ ಎರಡು ವರ್ಷದ ಮಗು. ತಾಯಿಯ ಹೆಗಲಿಗೆ ಒರಗಿ ಸುಮ್ಮನೆ ಮಲಗಿದೆ. ನಾಲ್ಕನೆಯವನು ಹೊಲದ ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದವನು. ನಡುರಾತ್ರಿಯಲ್ಲಿ ಹೊಟ್ಟೆನೋವೆಂದು ಎದ್ದು ಬಂದಿದ್ದಾನೆ. ಅವನಿಗೆ ಗಾಯವಿಲ್ಲ, ಊತವಿಲ್ಲ. ನಿದ್ದೆಗಣ್ಣಿನವನಂತೆ ಕಾಣುತ್ತಾನೆ.

ನಾವು ಅಲ್ಲಿದ್ದರೆ ಯಾರ ಕಡೆಗೆ ಓಡುತ್ತಿದ್ದೆವು? ನಿಸ್ಸಂದೇಹವಾಗಿ ನೆತ್ತರಿನ ಕಡೆಗೆ, ಕೂಗಿನ ಕಡೆಗೆ. ದಾದಿ ತನ್ನ ತರಬೇತಿಯಲ್ಲಿ ಮೊದಲು ಕಲಿಯುವ ಪಾಠವೇ ಈ ಸಹಜ ಪ್ರವೃತ್ತಿಯನ್ನು ತಡೆಹಿಡಿಯುವುದು. ಕೂಗಬಲ್ಲವನ ಉಸಿರುದಾರಿ ತೆರೆದಿದೆ. ಅವನ ಶ್ವಾಸಕೋಶಗಳು ಗಾಳಿಯನ್ನು ಹೊರದೂಡುತ್ತಿವೆ. ಅವನ ಮಿದುಳಿಗೆ ರಕ್ತ ತಲುಪುತ್ತಿದೆ. ಅವನ ಕೂಗು ಅವನ ಬಗ್ಗೆ ಇಷ್ಟು ಶುಭವಾರ್ತೆಯನ್ನು ಹೇಳುತ್ತಿದೆ. ಅವಳಿಗೆ ದಿಗಿಲಾಗುವುದು ಮೌನವಾಗಿರುವವರನ್ನು ಕಂಡಾಗ.

ಅವಳು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಉಸಿರುದಾರಿ, ಅನಂತರ ಉಸಿರಾಟ, ಅನಂತರ ರಕ್ತಸಂಚಾರ, ಆಮೇಲೆ ಎಚ್ಚರದ ಸ್ಥಿತಿ. ಈ ಕ್ರಮವನ್ನು ಯಾರೋ ಮನಸ್ಸಿಗೆ ಬಂದಂತೆ ಜೋಡಿಸಿದ್ದಲ್ಲ. ಸಾವು ಎಷ್ಟು ಬೇಗ ಬರುತ್ತದೆ ಎಂಬ ಲೆಕ್ಕದಿಂದ ಅದು ಹುಟ್ಟಿದೆ. ಉಸಿರುದಾರಿ ಪೂರ್ತಿ ಮುಚ್ಚಿಹೋದರೆ ಉಳಿದಿರುವುದು ಕೆಲವೇ ನಿಮಿಷ. ಸೋಂಕಿಗೆ ಗಂಟೆಗಳುಂಟು, ಮೂಳೆ ಮುರಿತಕ್ಕೆ ಅನೇಕ ವೇಳೆ ಇನ್ನೂ ಹೆಚ್ಚಿನ ಕಾಲಾವಕಾಶವುಂಟು. ನೋವು ದೊಡ್ಡದೋ ಸಣ್ಣದೋ ಎನ್ನುವುದಕ್ಕಿಂತ, ಕಾಲ ಎಷ್ಟು ಉಳಿದಿದೆ ಎಂಬುದೇ ಇಲ್ಲಿಯ ಅಳತೆಗೋಲು.

ಈಗ ನಮ್ಮ ನಾಲ್ವರ ಬಳಿಗೆ ಹೋಗೋಣ. ಮಗುವಿನ ಕಣ್ಣು ಗುಳಿಬಿದ್ದಿದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರೆ ಅದು ಮತ್ತೆ ಸಮನಾಗಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಅಂಗೈ ಅಂಗಾಲು ತಣ್ಣಗಿವೆ. ತಾಯಿ ‘ಪಾಪ, ಅತ್ತೂ ಅತ್ತೂ ಮಲಗಿತು’ ಎನ್ನುತ್ತಾಳೆ. ಅದು ನಿದ್ದೆಯಲ್ಲ, ಬತ್ತಿಹೋದ ದೇಹದ ಮಂಪರು. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗಾಗಿ ರೂಪಿಸಿರುವ ವಿಂಗಡಣೆಯ ಪದ್ಧತಿಯಲ್ಲಿ, ಭೇದಿಯಾದ ಮಗುವಿನಲ್ಲಿ ಮಂಪರು, ಗುಳಿಬಿದ್ದ ಕಣ್ಣು, ನಿಧಾನವಾಗಿ ಮರಳುವ ಚರ್ಮ ಇವುಗಳಲ್ಲಿ ಯಾವ ಎರಡು ಕಂಡರೂ ಅದು ತುರ್ತಿನ ಲಕ್ಷಣವೇ.

ಹೊಟ್ಟೆನೋವಿನ ಮನುಷ್ಯನ ಬಳಿ ಅವಳು ಇನ್ನೂ ಸೂಕ್ಷ್ಮವಾಗಿ ನೋಡಬೇಕಾಗುತ್ತದೆ. ನೆಲದ ಮೇಲೆ ಮಲಗಿದ್ದವನು, ಮಳೆಗಾಲ, ರಾತ್ರಿ, ಕಾರಣವಿಲ್ಲದ ಹೊಟ್ಟೆನೋವು. ಮರಾಠಿಯಲ್ಲಿ ಮಣ್ಯಾರ ಎಂದು ಕರೆಯುವ ಕಟ್ಟುಹಾವು ಮಲಗಿದವರನ್ನು ಕಚ್ಚುವುದು ಹೀಗೆಯೇ. ಕಚ್ಚಿದ್ದು ಅನೇಕ ಸಲ ಗೊತ್ತೇ ಆಗುವುದಿಲ್ಲ. ನೋವು ಅಲ್ಪ, ಊತ ಇಲ್ಲವೆನ್ನುವಷ್ಟು, ಹಲ್ಲಿನ ಗುರುತು ಕಾಣದಿರಬಹುದು. ವಿಷ ನರಗಳಿಗೇರಿದಂತೆ ರೆಪ್ಪೆಗಳು ಜೋಲುತ್ತವೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ದಾದಿ ‘ಮೇಲೆ ನೋಡಪ್ಪಾ’ ಎನ್ನುತ್ತಾಳೆ, ರೆಪ್ಪೆ ಮೇಲೇರುವುದಿಲ್ಲ. ‘ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸು’ ಎನ್ನುತ್ತಾಳೆ. ಎಷ್ಟರವರೆಗೆ ಎಣಿಸಿದನೆಂಬುದನ್ನು ಬರೆದಿಡುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎಣಿಸಿದಾಗ ಆ ಸಂಖ್ಯೆ ಇಳಿದರೆ, ಅವನ ಉಸಿರು ಸೋಲುತ್ತಿದೆಯೆಂಬುದಕ್ಕೆ ಯಂತ್ರದ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಈ ಇಬ್ಬರಲ್ಲಿ ಮೊದಲಿಗರು ಯಾರು? ಇಬ್ಬರೂ ಮೊದಲಿಗರೇ. ಇಂಥ ಕಡೆ ಜಾಣ್ಮೆಯಿರುವುದು ವ್ಯಕ್ತಿಗಳನ್ನು ಸಾಲಾಗಿ ನಿಲ್ಲಿಸುವುದರಲ್ಲಲ್ಲ, ಕೆಲಸಗಳನ್ನು ಸಾಲಾಗಿ ಜೋಡಿಸುವುದರಲ್ಲಿ. ಎರಡು ವಾಕ್ಯದ ಸುದ್ದಿಯೊಡನೆ ಆಯಾಳನ್ನು ವೈದ್ಯರ ಬಳಿಗೆ ಅಟ್ಟುತ್ತಾಳೆ. ಹಾವಿನ ಶಂಕೆಯಿರುವವನನ್ನು ಕಣ್ಣೆದುರಿನ ಹಾಸಿಗೆಯಲ್ಲಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರು ಕೊಡುವ ಚೀಲವನ್ನೂ ಆಮ್ಲಜನಕವನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳುತ್ತಾಳೆ. ಹೋಗುವ ದಾರಿಯಲ್ಲೇ ಬೈಕಿನ ತರುಣನ ಗೆಳೆಯನೊಬ್ಬನ ಕೈಗೆ ಶುದ್ಧವಾದ ಬಟ್ಟೆಯ ಮಡಿಕೆ ಕೊಟ್ಟು, ‘ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿ, ನಾನು ಹೇಳುವ ತನಕ ಬಿಡಬೇಡ’ ಎನ್ನುತ್ತಾಳೆ. ರಕ್ತಸ್ರಾವ ಹತೋಟಿಗೆ ಬರುತ್ತದೆ. ಕೂಗುವವನಿಗೆ ಒಂದು ಕೆಲಸವೂ ಸಿಕ್ಕಿದಂತಾಗುತ್ತದೆ. ಆಮೇಲೆ ಮಗುವಿನ ಪುಟ್ಟ ಕೈಯಲ್ಲಿ ರಕ್ತನಾಳವನ್ನು ಹುಡುಕಲು ಕೂರುತ್ತಾಳೆ. ಹತ್ತು ಸೆಕೆಂಡಿನಲ್ಲಿ ಆಗುವ ಕೆಲಸ ಹತ್ತು ನಿಮಿಷದ ಕೆಲಸಕ್ಕಿಂತ ಮುಂಚೆ ನಡೆಯಬಹುದು, ಅದು ಒಂದು ಜೀವವನ್ನು ಸುರಕ್ಷಿತವಾಗಿ ಕಾಯುವಂತೆ ಮಾಡುವುದಾದರೆ.

ಇಲ್ಲಿಯೇ ಈ ವಿದ್ಯೆಯ ತಿರುಳಿದೆ. ಯಾರು ಮೊದಲು ಎಂದು ನಿರ್ಧರಿಸುವುದೆಂದರೆ, ಉಳಿದವರಲ್ಲಿ ಯಾರು ಕಾಯಬಲ್ಲರು ಎಂದು ನಿರ್ಧರಿಸುವುದು. ಮೊದಲನೆಯದರಲ್ಲಿ ತಪ್ಪಿದರೆ ಕೂಡಲೇ ಕಾಣುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಬೆಂಚಿನ ಮೇಲೆ ಸದ್ದಿಲ್ಲದೆ ನಡೆದುಹೋಗುತ್ತದೆ. ಜ್ವರದ ಮುದುಕರನ್ನು ಕಾಯಿಸಿದ್ದಾಳಲ್ಲವೆ? ಅವರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಕಾಯಿಸಿದ್ದಾಳೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಅದು 25ನ್ನು ಮುಟ್ಟಿದರೆ, ಬೇರೆಲ್ಲ ಸರಿಯಾಗಿ ಕಂಡರೂ, ಅವರು ಕಾಯಬಲ್ಲವರ ಪಟ್ಟಿಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಒಮ್ಮೆ ನೋಡಿದರೆ ಸಾಲದು. ತಿರುಗಿ ಬಂದು ನೋಡಬೇಕು. ವಿಂಗಡಣೆಯೆಂಬುದು ತೀರ್ಪಲ್ಲ, ಮತ್ತೆ ಮತ್ತೆ ತಿದ್ದಿಕೊಳ್ಳಬೇಕಾದ ಊಹೆ.

ಈ ಪದ್ಧತಿಗೆ ವೈದ್ಯಕೀಯದಲ್ಲಿ ಟ್ರಯಾಜ್ ಎಂಬ ಹೆಸರಿದೆ. ಆರಿಸು, ವಿಂಗಡಿಸು ಎಂಬರ್ಥದ ಫ್ರೆಂಚ್ ಪದ ಅದರ ಮೂಲ. ನಮ್ಮ ಕಡೆ ತೊಗರಿಯನ್ನು ಮೊರದಲ್ಲಿ ಹಸನು ಮಾಡುವ ಕೆಲಸವನ್ನು ನೆನೆದರೆ ಅರ್ಥವಾದೀತು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಯಾವ ಕಾಳನ್ನೂ ಹೊರಗೆ ಎಸೆಯುವಂತಿಲ್ಲ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆಯ ಹೆಸರು ಈ ಇತಿಹಾಸದಲ್ಲಿ ದೊಡ್ಡದು. ಗಾಯದ ಗಂಭೀರತೆ ನೋಡಿ ಮೊದಲು ಚಿಕಿತ್ಸೆ ಮಾಡಬೇಕೇ ಹೊರತು ಗಾಯಗೊಂಡವನ ಪದವಿಯನ್ನು ನೋಡಿ ಅಲ್ಲ ಎಂಬುದು ಅವನ ನಿಯಮವಾಗಿತ್ತು. ಸೇನಾಧಿಕಾರಿ ಮೊದಲು, ಸಿಪಾಯಿ ಆಮೇಲೆ ಎಂಬ ಲೋಕದಲ್ಲಿ ಇದು ಸಣ್ಣ ಮಾತಲ್ಲ. ಇಂದಿಗೂ ಅಲ್ಲ. ನಡುರಾತ್ರಿಯಲ್ಲಿ ಊರಿನ ಪ್ರಮುಖರೊಬ್ಬರು ನಾಲ್ಕು ಜನರೊಡನೆ ಒಳಗೆ ಬಂದು ‘ಮೊದಲು ನಮ್ಮನ್ನು ನೋಡಿ’ ಎಂದಾಗ, ಲಾರೆಯ ನಿಯಮವನ್ನು ಪಾಲಿಸಬೇಕಾದವಳು ಈ ದಾದಿಯೇ. ಅವನಿಗೆ ಸೈನ್ಯದ ಅಧಿಕಾರವಿತ್ತು. ಇವಳಿಗಿರುವುದು ದನಿಯೇರಿಸದೆ ‘ಸ್ವಲ್ಪ ಕುಳಿತಿರಿ’ ಎನ್ನುವ ಧೈರ್ಯ ಮಾತ್ರ.

ಈ ನಿಯಮಕ್ಕೆ ಒಂದು ಕಠೋರವಾದ ಅಪವಾದವಿದೆ. ದೊಡ್ಡ ಅಪಘಾತದಲ್ಲಿ ಹತ್ತಾರು ಜನ ಒಮ್ಮೆಗೇ ಬಂದಾಗ, ಕೈಗಳು ಕಡಿಮೆಯಾದಾಗ, ಬದುಕುವ ಸಂಭವವೇ ಇಲ್ಲದವರನ್ನು ಬಿಟ್ಟು ಉಳಿಸಬಹುದಾದವರ ಕಡೆಗೆ ಹೋಗಬೇಕಾಗುತ್ತದೆ. ಕೆಂಪು, ಹಳದಿ, ಹಸಿರು ಪಟ್ಟಿಗಳ ಜೊತೆಗೆ ಕಪ್ಪು ಪಟ್ಟಿಯೊಂದು ಇರುವುದು ಅದಕ್ಕಾಗಿ. ಅಂಥ ದಿನ ವಿರಳ. ಆದರೆ ಹಾಗೆ ಪಟ್ಟಿ ಕಟ್ಟಿದ ಕೈ ಅದನ್ನು ಬೇಗ ಮರೆಯುವುದಿಲ್ಲ.

ತುರ್ತಿನ ಕೋಣೆಯಿಂದ ವಾರ್ಡಿನೊಳಗೆ ಬಂದರೆ ಲೆಕ್ಕ ಇನ್ನಷ್ಟು ನವುರಾಗುತ್ತದೆ. ಅಲ್ಲಿ ಯಾರೂ ಸಾಯುವಂತೆ ಕಾಣುವುದಿಲ್ಲ. ಎಲ್ಲರಿಗೂ ಏನಾದರೊಂದು ಬೇಕು. ಒಬ್ಬರಿಗೆ ಈಗತಾನೆ ರಕ್ತ ಕೊಡಲು ಆರಂಭಿಸಿದೆ. ಮೊದಲ 15 ನಿಮಿಷ ಬಳಿಯಲ್ಲೇ ಇರಬೇಕು. ಹೆರಿಗೆಯಾದ ತಾಯಿಯ ಹೊಟ್ಟೆಯ ಮೇಲೆ ಆಗಾಗ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೆ ಎಂದು ನೋಡಬೇಕು. ಅದು ಮೆತ್ತಗಾದರೆ ರಕ್ತ ಹರಿಯುತ್ತದೆ, ರಕ್ತದೊತ್ತಡ ಕುಸಿಯುವ ಮೊದಲೇ ನಾಡಿ ವೇಗವಾಗುತ್ತದೆ. ಸಕ್ಕರೆ ಕಾಯಿಲೆಯವರೊಬ್ಬರು ಬೆವರುತ್ತ ಅಸಂಬದ್ಧವಾಗಿ ಮಾತನಾಡುತ್ತಿದ್ದಾರೆ. ಗದರಿಸುವುದಲ್ಲ, ರಕ್ತದ ಸಕ್ಕರೆಯನ್ನು ನೋಡಬೇಕು. ಇವುಗಳ ನಡುವೆ ಮೂಲೆಯ ಹಾಸಿಗೆಯ ಅಜ್ಜಿ, ‘ಯವ್ವಾ, ಹೊರಗ ಹೋಗಬೇಕು’ ಎನ್ನುತ್ತಾಳೆ. ಪಟ್ಟಿಯಲ್ಲಿ ಅದು ಕೊನೆಯದು. ಆದರೆ ಅನುಭವವಿರುವ ದಾದಿ ಅದನ್ನು ಕೊನೆಗಿಡುವುದಿಲ್ಲ. ಸಂಕೋಚದ ಅಜ್ಜಿ ಎರಡನೆಯ ಸಲ ಕೇಳಲಾರಳು. ತಾನೇ ಎದ್ದು ನಡೆದು, ಕತ್ತಲೆಯಲ್ಲಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡಾಳು. ಸಣ್ಣ ಬೇಡಿಕೆ ದೊಡ್ಡದಾಗುವುದು ಹೀಗೆ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ಇದಕ್ಕೆ ಹೊಂದುವ ಒಂದು ವಿಚಾರವಿದೆ. ತಾನು ಇದ್ದಾಗ ನಡೆಯುವ ಕೆಲಸ ತಾನು ಇಲ್ಲದಾಗಲೂ ನಡೆಯುವಂತೆ ಏರ್ಪಡಿಸದಿದ್ದರೆ, ಇದ್ದಾಗ ಮಾಡಿದ ಆರೈಕೆಯೆಲ್ಲ ವ್ಯರ್ಥವಾದೀತು ಎಂಬುದು ಅದರ ಸಾರ. ಪಾಳಿ ಬದಲಾಗುವಾಗ ಒಬ್ಬ ದಾದಿ ಇನ್ನೊಬ್ಬಳಿಗೆ ಒಪ್ಪಿಸುವ ವರದಿ ಈ ಏರ್ಪಾಡಿನ ಮುಖ್ಯ ಭಾಗ. ‘ಏಳನೆಯ ಹಾಸಿಗೆಯನ್ನು ಮೊದಲು ನೋಡು’ ಎಂಬ ಒಂದು ಮಾತು ಮರೆತರೆ ಇಡೀ ರಾತ್ರಿಯ ಎಚ್ಚರ ನೀರಿನಲ್ಲಿ ಹೋಮವಾದಂತೆ.

ಬೀದರದ ದಾದಿಗೆ ಇನ್ನೊಂದು ವಿದ್ಯೆಯೂ ಬೇಕು, ಅದು ಕಿವಿಯದು. ಈ ಗಡಿನಾಡಿನಲ್ಲಿ ರೋಗಿ ಕನ್ನಡದಲ್ಲಿ ನರಳಬಹುದು, ಉರ್ದುವಿನಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿಯೂ ನರಳಬಹುದು. ಉರ್ದು ಮಾತನಾಡುವವರು ‘ಘಬರಾಹಟ್’ ಎಂದಾಗ ಅದು ಬರಿಯ ಗಾಬರಿಯಿರಬಹುದು, ಹೃದಯದ ಮೊದಲ ಎಚ್ಚರಿಕೆಯೂ ಇರಬಹುದು. ಆದರೆ ಅತಿ ಮುಖ್ಯವಾದ ದೂರಿಗೆ ಈ ಭಾಷೆಗಳಲ್ಲಿ ಒಂದೇ ಮಾತಿದೆ. ದಮ್, ದಮ್ಮು ಎಂದು ತುಸು ಬೇರೆಯಾಗಿ ಉಚ್ಚರಿಸಿದರೂ ಅದರ ಅರ್ಥ ಉಸಿರು. ‘ದಮ್ಮು ಹತ್ತೇದ’ ಎಂದು ಯಾರಾದರೂ ಮೆಲ್ಲಗೆ ಹೇಳಿದರೂ ಸಾಕು, ಕೈಯಲ್ಲಿರುವ ಕಾಗದವನ್ನು ಬಿಟ್ಟು ಅವಳು ಎದ್ದುಬಿಡುತ್ತಾಳೆ.

ಹಾಗಾದರೆ ಬೆಂಚಿನ ಮೇಲೆ ಕುಳಿತ ನಮ್ಮ ಪಾಲಿನದೇನು? ಎರಡು ಸಂಗತಿ. ನಮ್ಮನ್ನು ಕಾಯಿಸಿದರೆ ಅದಕ್ಕೆ ಕಾರಣವನ್ನು ಕೇಳುವ ಹಕ್ಕು ನಮಗುಂಟು. ‘ನಿಮಗಿಂತ ಕಷ್ಟದಲ್ಲಿರುವವರು ಒಳಗಿದ್ದಾರೆ, ಮತ್ತೆ ಬಂದು ನೋಡುತ್ತೇನೆ’ ಎಂಬ ಒಂದು ಮಾತು ಹೇಳುವುದು ಆರೈಕೆಯ ಭಾಗವೇ. ಎರಡನೆಯದು, ಕಾಯುತ್ತಿರುವಾಗ ಏನಾದರೂ ಬದಲಾದರೆ ಸುಮ್ಮನಿರಬಾರದು. ಉಸಿರು ಭಾರವಾದರೆ, ಮಾತು ತೊದಲಿದರೆ, ಮಗು ಅಳುವುದನ್ನು ನಿಲ್ಲಿಸಿ ತೀರ ಸುಮ್ಮನಾದರೆ, ಎದ್ದು ಹೋಗಿ ಹೇಳಬೇಕು. ಅದು ಸಾಲು ಮುರಿಯುವುದಲ್ಲ, ಅವಳ ಲೆಕ್ಕಕ್ಕೆ ನೆರವಾಗುವುದು.

ಸಾಲಿನ ನ್ಯಾಯ ಮುಖ ನೋಡುವುದಿಲ್ಲ ಎಂದೆ. ದಾದಿಯ ನ್ಯಾಯ ಮುಖ ನೋಡಿಯೇ ಮಣೆ ಹಾಕುತ್ತದೆ. ಆದರೆ ಅವಳು ಆ ಮುಖದಲ್ಲಿ ಹುಡುಕುವುದು ತುಟಿಯ ಬಣ್ಣ, ರೆಪ್ಪೆಯ ಭಾರ, ಹಣೆಯ ತಣ್ಣನೆಯ ಬೆವರು ಇವುಗಳನ್ನೇ ಹೊರತು ಕುಲವನ್ನಲ್ಲ, ಕಾಸನ್ನಲ್ಲ. ಬೆಳಗಾಗುವ ಹೊತ್ತಿಗೆ ಮಗು ಕಣ್ಣು ಬಿಟ್ಟು ಅಳತೊಡಗಿದರೆ ವಾರ್ಡಿನಲ್ಲಿ ಕೆಲವರಿಗೆ ನಿದ್ದೆ ಕೆಡಬಹುದು. ಪಾಳಿ ಮುಗಿಸಿ ಹೊರಡುವ ದಾದಿಗೆ ಆ ಅಳುವಿನಿಂದ ಸಮಾಧಾನವಾಗುತ್ತದೆ; ಇನ್ನು ಆ ಮಗುವೂ ಸ್ವಲ್ಪ ಕಾಯಬಲ್ಲದು.