ಬಂಡೆಯನ್ನು ಓದುವವನು ತನ್ನನ್ನೂ ಓದಬೇಕು

ವಿಜ್ಞಾನವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು: “ಇತಿಹಾಸ, ಸಾಹಿತ್ಯ, ಕಲೆ ಇವುಗಳಿಂದ ನಮಗಾಗಬೇಕಾದುದೇನು?” ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯವರಿಗಾದರೆ ಉತ್ತರ ದೂರದಲ್ಲಿಲ್ಲ. ದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯ ತನಕ ಹೋದರೆ ಸಾಕು.

ಅಲ್ಲಿ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ಮೂರು ಸಾಲಿನ ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಸುಮಾರು ಕ್ರಿ.ಶ. 4ನೆಯ ಶತಮಾನ. ಕದಂಬರ ಮಯೂರಶರ್ಮನು ಕೆರೆಯೊಂದನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಇದನ್ನು ಓದಿ ಇಲಾಖೆಯ 1929ರ ವರದಿಯಲ್ಲಿ ಪ್ರಕಟಿಸಿದರು. ಅವರ ಓದಿನಂತೆ, ಕೆರೆಯ ಮಾತಾದ ಮೇಲೆ ಮಯೂರಶರ್ಮನು ಗೆದ್ದವರ ಪಟ್ಟಿ ಬರುತ್ತದೆ: ತ್ರೈಕೂಟಕರು, ಆಭೀರರು, ಪಲ್ಲವರು, ಪಾರಿಯಾತ್ರಿಕರು, ಶಕಸ್ಥಾನದವರು, ಸೇಂದ್ರಕರು, ಪುನ್ನಾಟರು, ಮೌಖರಿಗಳು.

ಕನ್ನಡ ನಾಡಿನ ಅರಸನೊಬ್ಬನು ಉತ್ತರ ದೇಶದವರೆಗೂ ದಂಡೆತ್ತಿ ಗೆದ್ದನೆಂದರೆ ಯಾರಿಗೆ ತಾನೆ ಹರ್ಷವಾಗದು? ಆದರೆ ಅಕ್ಷರಗಳು ಬಹಳ ಸವೆದಿದ್ದವು. ಮುಂದೆ ಬಂದ ವಿದ್ವಾಂಸರು ಆ ಸಾಲುಗಳನ್ನು ಮತ್ತೆ ಪರಿಶೀಲಿಸಿ, ಇಷ್ಟು ದೀರ್ಘವಾದ ವಿಜಯದ ಪಟ್ಟಿ ಅಲ್ಲಿದೆಯೇ ಎಂದು ಸಂದೇಹಪಟ್ಟರು. ಕೆರೆಯ ವಿಷಯದಲ್ಲಿ ಅಂತಹ ವಿವಾದವೇಳಲಿಲ್ಲ.

ಇದನ್ನು ಓದಿದಾಗ ನಿಮಗೆ ಕೊಂಚ ನಿರಾಶೆಯಾಯಿತೆ? ನನಗಂತೂ ಆಯಿತು. ಆ ನಿರಾಶೆಯನ್ನೇ ಹಿಡಿದು ಪರೀಕ್ಷಿಸಬೇಕು. ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಬಳಸುವ ಮೊದಲು ಅದರ ಶೂನ್ಯದೋಷವನ್ನು ಕಂಡುಕೊಳ್ಳುತ್ತೇವಲ್ಲವೆ? ಶಾಸನವನ್ನು ಓದುವಾಗ ಮಾಪಕ ನಾವೇ, ದೋಷವೂ ನಮ್ಮೊಳಗೇ. ಸವೆದ ಅಕ್ಷರದ ಮೇಲೆ ಸೀಮೆಸುಣ್ಣದಿಂದ ತಿದ್ದಿದರೆ, ಕಲ್ಲಿನಲ್ಲಿರುವುದರ ಬದಲು ತಿದ್ದಿದವನು ಬಯಸಿದ್ದೇ ಕಾಣತೊಡಗುತ್ತದೆ. ಆದುದರಿಂದಲೇ ಶಾಸನಜ್ಞರು ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಅಕ್ಷರಗಳ ತಗ್ಗಿಗೆ ಕೂರಿಸಿ, ಮೇಲೆ ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಾರೆ. ಮಸಿ ತಾಗದ ತಗ್ಗು ಬೆಳ್ಳಗೆ ಉಳಿಯುತ್ತದೆ.

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಗೆಲವಿನ ಪಟ್ಟಿ ಹೋದರೆ ಮರುಗುವ ನಾವು, ಕೆರೆ ಉಳಿದುದಕ್ಕೆ ಏಕೆ ಹಿಗ್ಗುವುದಿಲ್ಲ? ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರಿನ ಬೆಲೆ ಅರಿಯದವರಾರು? 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಹಿರಿಯೂರಿನ ಜನಕ್ಕೆ ಏನೆಂಬುದನ್ನು ಅವರನ್ನೇ ಕೇಳಬೇಕು.

ಶಾಸನ ನಮ್ಮ ಬಯಕೆಗೆ ಕಡಿವಾಣ ಹಾಕಿದರೆ ಕಾದಂಬರಿ ಅದನ್ನು ಸಡಿಲಬಿಟ್ಟು ತೋರಿಸುತ್ತದೆ. ದುರ್ಗವನ್ನು ಹೈದರಾಲಿ 1779ರಲ್ಲಿ ಗೆದ್ದುಕೊಂಡನೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕೃತಿಯನ್ನು, ಕೈಗೆತ್ತಿಕೊಂಡವನು ಮದಕರಿನಾಯಕನ ಪಕ್ಷ ವಹಿಸಿ, ಈ ಬಾರಿಯಾದರೂ ಕೋಟೆ ಉಳಿದೀತೇನೋ ಎಂದು ಪುಟ ತಿರುವುತ್ತಲೇ ಇರುತ್ತಾನೆ.